ಕಡಲ ನಗರದ ಫೋಟೋ ಪ್ರವಾಸ: ಕ್ಯಾಮೆರಾಕ್ಕಿಂತ ಮೊದಲು ಉಬ್ಬರದ ಪಟ್ಟಿ ತೆಗೆಯಿರಿ

ಪ್ರಶ್ನೆ: ಮುಂದಿನ ತಿಂಗಳು ಕಡಲತೀರದ ಒಂದು ನಗರಕ್ಕೆ ನಾಲ್ಕು ದಿನ ಹೋಗುತ್ತಿದ್ದೇನೆ. ನಗರವನ್ನೂ ಅದರ ಸುತ್ತಲಿನ ಪ್ರಕೃತಿಯನ್ನೂ ಸೇರಿಸಿ ಒಂದು ಫೋಟೋ ಸರಣಿ ಮಾಡುವ ಆಸೆ. ಹೋದ ವರ್ಷ ಇಂಥದ್ದೇ ಒಂದು ಊರಿನಲ್ಲಿ 600 ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲಾ ಒಂದೇ ಥರ: ಸೂರ್ಯಾಸ್ತ, ದೋಣಿ, ಅಲೆ, ಮತ್ತೆ ಸೂರ್ಯಾಸ್ತ. ನನ್ನ ಹತ್ತಿರ ಒಂದು ಕ್ಯಾಮೆರಾ, 24–70 ಮತ್ತು 70–300 ಮಿ.ಮೀ. ಲೆನ್ಸ್‌ಗಳು ಇವೆ. ಎಂಥ ಜಾಗಗಳನ್ನು ಹುಡುಕಬೇಕು? ಉಪ್ಪುಗಾಳಿಯಿಂದ ಕ್ಯಾಮೆರಾ ಹೇಗೆ ಕಾಪಾಡಬೇಕು? ಟ್ರೈಪಾಡ್ ಹೊರುವುದು ಬೇಕಾ?

ಉತ್ತರ: 600 ಫೋಟೋ ಒಂದೇ ಥರ ಕಾಣುವುದಕ್ಕೆ ಜಾಗ ಕಾರಣ ಅಲ್ಲ ಅಂತ ನನ್ನ ಅನುಮಾನ. ನೀವು ಬಹುಶಃ ದಿನಾ ಸಂಜೆ ಅದೇ ಹೊತ್ತಿಗೆ ದಂಡೆಗೆ ಹೋಗಿದ್ದೀರಿ. ನಿಂತ ಎತ್ತರದಲ್ಲೇ ಕ್ಯಾಮೆರಾ ಹಿಡಿದಿದ್ದೀರಿ. ನೀರಿನ ಕಡೆಗೇ ಮುಖ ಮಾಡಿದ್ದೀರಿ. ಹೊತ್ತು ಒಂದೇ, ಎತ್ತರ ಒಂದೇ, ದಿಕ್ಕು ಒಂದೇ. ಚಿತ್ರ ಬೇರೆ ಆಗುವುದಾದರೂ ಹೇಗೆ?

ಅದಕ್ಕೇ ನೀವು ಕೇಳಿದ ‘ಎಂಥ ಜಾಗ’ ಎನ್ನುವುದಕ್ಕಿಂತ ಮೊದಲು ‘ಯಾವ ಹೊತ್ತಿಗೆ’ ಎನ್ನುವುದಕ್ಕೆ ಉತ್ತರಿಸುತ್ತೇನೆ. ಬೇರೆ ಊರುಗಳಲ್ಲಿ ಫೋಟೋ ತೆಗೆಯುವವರಿಗೆ ಒಂದು ಗಡಿಯಾರ ಸಾಕು, ಸೂರ್ಯನದು. ಕಡಲ ಊರಿನಲ್ಲಿ ಎರಡು. ಎರಡನೆಯದು ಚಂದ್ರನದು, ಅಂದರೆ ಉಬ್ಬರ-ಇಳಿತದ್ದು. ಬೆಳಗ್ಗೆ ಹಡಗುಕಟ್ಟೆಯ ಗೋಡೆಗೆ ತಾಗಿ ತುಂಬಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಮಾಯ. ದೋಣಿಗಳು ಕೆಸರಿನಲ್ಲಿ ಪಕ್ಕಕ್ಕೆ ವಾಲಿ ಮಲಗಿರುತ್ತವೆ. ಜಾಗ ಅದೇ, ಚಿತ್ರ ಪೂರ್ತಿ ಬೇರೆ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ನಾಲ್ಕು ದಿನದ ಯೋಜನೆ ಎಲ್ಲಾ ಇದರ ಮೇಲೇ ನಿಂತಿದೆ.

ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆದ ಒಂದೆರಡು ದಿನಕ್ಕೆ ನೀರು ಅತಿ ಮೇಲೆ ಏರಿ ಅತಿ ಕೆಳಗೆ ಇಳಿಯುತ್ತದೆ. ಅರ್ಧಚಂದ್ರನ ದಿನಗಳಲ್ಲಿ ಏರಿಳಿತ ಕಮ್ಮಿ. ನೀರು ಎಷ್ಟು ಏರುತ್ತದೆ ಎನ್ನುವುದು ಮಾತ್ರ ಊರಿನಿಂದ ಊರಿಗೆ ಬೇರೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಸುಮಾರು 16 ಮೀಟರ್ ವರೆಗೆ ವ್ಯತ್ಯಾಸ ಇರುತ್ತದೆ. ಮೆಡಿಟರೇನಿಯನ್ ಮತ್ತು ಬಾಲ್ಟಿಕ್ ಕಡಲಿನ ಹೆಚ್ಚಿನ ಊರುಗಳಲ್ಲಿ ಇದು ಕಣ್ಣಿಗೆ ಬೀಳುವುದೇ ಕಷ್ಟ. ನೀವು ಹೋಗುವುದು ಅಂಥ ಊರಿಗಾದರೆ ಮುಂದಿನ ಐದಾರು ಪ್ಯಾರಾ ಬಿಟ್ಟುಬಿಡಿ.

ಉಳಿದವರಿಗೆ ಒಂದು ಲೆಕ್ಕ. ನೀವು ಇಳಿದ ಮೊದಲ ದಿನ ಸೂರ್ಯ 6.15ಕ್ಕೆ ಹುಟ್ಟಿ ಸಂಜೆ 6.20ಕ್ಕೆ ಮುಳುಗುತ್ತಾನೆ ಅಂದುಕೊಳ್ಳಿ. ಬೆಳಗ್ಗೆ 5.40ಕ್ಕೆ ಇಳಿತ, 11.50ಕ್ಕೆ ಉಬ್ಬರ, ಸಂಜೆ 6.05ಕ್ಕೆ ಮತ್ತೆ ಇಳಿತ. ಅಂದರೆ ಅವತ್ತು ಸೂರ್ಯ ಹುಟ್ಟುವಾಗಲೂ ಮುಳುಗುವಾಗಲೂ ನೀರು ದೂರ. ಬೆಳಗ್ಗೆ ಮರಳಿನ ಮೇಲಿನ ಏರಿಳಿತದ ಗೆರೆಗಳಿಗೆ ಪಕ್ಕದಿಂದ ಬೆಳಕು ಬೀಳುತ್ತದೆ. ಸಂಜೆ ಒದ್ದೆ ಮರಳು ಕನ್ನಡಿಯ ಹಾಗೆ ಆಕಾಶ ಹಿಡಿಯುತ್ತದೆ. ನಾಲ್ಕನೇ ದಿನಕ್ಕೆ ಬೆಳಗಿನ ಇಳಿತ 8.10ರ ಹೊತ್ತಿಗೆ ಸರಿದಿರುತ್ತದೆ. ಅವತ್ತು ಬೆಳಕು ಹರಿಯುವಾಗ ನೀರು ಇನ್ನೂ ಇಳಿಯುತ್ತಾ ಇರುತ್ತದೆ. ಬಂಡೆಗಳು ಒಂದೊಂದಾಗಿ ತಲೆ ಎತ್ತುತ್ತವೆ, ಗುಂಡಿಗಳಲ್ಲಿ ನೀರು ಉಳಿಯುತ್ತದೆ. ಬಂಡೆಯ ಕಡೆ ಹೋಗುವುದಾದರೆ ಮೂರನೇ, ನಾಲ್ಕನೇ ದಿನವೇ ಸರಿ. ಇಳಿಯುವ ನೀರಿನ ಜತೆ ನಡೆಯುವುದು ಏರುವ ನೀರಿನ ಜತೆ ನಡೆಯುವುದಕ್ಕಿಂತ ಕ್ಷೇಮ.

ಆದರೆ ತುಂಬಿದ ಬಂದರಿನ ನೀರಿನಲ್ಲಿ ಊರಿನ ದೀಪಗಳು ಹೊಳೆಯುವ ಚಿತ್ರ ಈ ನಾಲ್ಕು ದಿನದಲ್ಲಿ ಸಿಗುವುದಿಲ್ಲ. ಕಾದರೂ ಸಿಗುವುದಿಲ್ಲ! ಒಂದು ವಾರ ತಡವಾಗಿ ಹೋದರೆ ಸಂಜೆ 5.40ರ ಸುಮಾರಿಗೆ ಉಬ್ಬರ ಬರುತ್ತದೆ. ದೀಪ ಹತ್ತುವ ಹೊತ್ತಿಗೆ ನೀರು ಗೋಡೆಯ ಹತ್ತಿರವೇ ಇರುತ್ತದೆ. ಟಿಕೆಟ್ ಇನ್ನೂ ತೆಗೆದಿಲ್ಲವಾದರೆ, ನಿಮಗೆ ಬಂದರು ಜಾಸ್ತಿ ಇಷ್ಟವೋ ಬಂಡೆ-ಮರಳು ಜಾಸ್ತಿ ಇಷ್ಟವೋ ಎಂದು ಮೊದಲು ತೀರ್ಮಾನಿಸಿ, ಆಮೇಲೆ ತಾರೀಖು ಹಿಡಿಯಿರಿ. ಜನ ಹವಾಮಾನ ನೋಡುತ್ತಾರೆ, ಹೋಟೆಲ್ ನೋಡುತ್ತಾರೆ, ಇದನ್ನು ಮಾತ್ರ ಯಾರೂ ನೋಡುವುದಿಲ್ಲ.

ಇನ್ನೊಂದು ವಿಷಯ ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ದಿನಕ್ಕೆ ಎರಡು ಉಬ್ಬರ ಇರುವ ಕಡೆ, ಒಂದು ಊರಿನ ಅತಿ ದೊಡ್ಡ ಇಳಿತ ಹೆಚ್ಚುಕಡಿಮೆ ಯಾವಾಗಲೂ ದಿನದ ಅದೇ ಹೊತ್ತಿಗೆ ಬರುತ್ತದೆ. ಸೂರ್ಯ, ಚಂದ್ರ ಇಬ್ಬರೂ ಒಂದೇ ಸಾಲಿಗೆ ಬಂದಾಗ ಅದು ಆಗುವುದರಿಂದ ಗಡಿಯಾರದ ಹೊತ್ತು ಬದಲಾಗುವುದಿಲ್ಲ. ಕೆಲವು ಊರುಗಳಲ್ಲಿ ಅದು ಬೆಳಗ್ಗೆ ಮತ್ತು ಸಂಜೆ, ಕೆಲವು ಕಡೆ ನಡುಮಧ್ಯಾಹ್ನ ಮತ್ತು ನಡುರಾತ್ರಿ. ಎರಡನೇ ಥರದ ಊರಿನಲ್ಲಿ ಅತಿ ಕೆಳಗಿನ ನೀರನ್ನು ಸೂರ್ಯೋದಯದ ಬೆಳಕಿನಲ್ಲಿ ಹಿಡಿಯುತ್ತೇನೆ ಎಂದು ಹೊರಟರೆ ವರ್ಷಗಟ್ಟಲೆ ಕಾದರೂ ಆಗುವುದಿಲ್ಲ. ಒಂದು ತಿಂಗಳ ಉಬ್ಬರದ ಪಟ್ಟಿ (ಯಾವ ದಿನ ಎಷ್ಟು ಗಂಟೆಗೆ ಉಬ್ಬರ, ಎಷ್ಟಕ್ಕೆ ಇಳಿತ ಎಂದು ಹೇಳುವುದು) ನೋಡಿದರೆ ನಿಮ್ಮ ಊರು ಯಾವ ಥರದ್ದು ಅಂತ ಗೊತ್ತಾಗುತ್ತದೆ.

ಪಟ್ಟಿ ಓದುವಾಗ ಮಾಡಬಾರದ ತಪ್ಪನ್ನು ನಾನು ಮಾಡಿ ತೋರಿಸಿದ್ದೇನೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶ ಅದು. ಉಬ್ಬರದ ಪಟ್ಟಿಯಲ್ಲಿ ಆ ಒಂದು ಗಂಟೆಯನ್ನು ಆಗಲೇ ಸೇರಿಸಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ಹಾಗೆ ಬರೆದಿತ್ತು, ನಾನು ಓದದೆ ಇನ್ನೊಂದು ಗಂಟೆ ಸೇರಿಸಿಬಿಟ್ಟೆ. ದಂಡೆಯಿಂದ ಸ್ವಲ್ಪ ದೂರದ ಬಂಡೆಯೊಂದರ ಮೇಲೆ ನಿಂತು ಊರಿನ ಕಡೆ ಫೋಟೋ ತೆಗೆಯುತ್ತಿದ್ದೆ. ಹಿಂದಿರುಗಿ ನೋಡಿದರೆ ಬಂದ ದಾರಿಯ ಮೇಲೆ ಸೊಂಟದ ಎತ್ತರಕ್ಕೆ ನೀರು. ನಾಲ್ಕು ಗಂಟೆ ಅಲ್ಲೇ ಕೂತೆ. ಅವತ್ತಿನ ಫೋಟೋ ಒಂದೂ ಚೆನ್ನಾಗಿ ಬಂದಿಲ್ಲ, ಕೈ ನಡುಗುತ್ತಿತ್ತು.

ನೀರು ಏರುವುದು ಒಂದೇ ವೇಗದಲ್ಲಿ ಅಲ್ಲ ಎನ್ನುವುದೂ ಅವತ್ತೇ ಮೈಗೆ ತಾಗಿದ್ದು. ನಾವಿಕರ ಒಂದು ಹಳೆಯ ಲೆಕ್ಕ ಇದೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅಂದರೆ ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಬಂದುಬಿಡುತ್ತದೆ. ಮೊದಲ ಗಂಟೆ ನೋಡಿ ‘ಪರವಾಗಿಲ್ಲ, ನಿಧಾನ ಇದೆ’ ಅಂದುಕೊಂಡವರೇ ಸಿಕ್ಕಿಬೀಳುವುದು.

ಈಗ ಸೂರ್ಯನ ಗಡಿಯಾರ. ಇದು ನಿಮಗೆ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಮೊದಲು ಆ ಊರಿನ ದಂಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ನಕ್ಷೆಯಲ್ಲಿ ನೋಡಿ. ಪಶ್ಚಿಮಕ್ಕಾದರೆ ಸೂರ್ಯ ನೀರಿನಲ್ಲಿ ಮುಳುಗುತ್ತಾನೆ, ನಿಮ್ಮ ಬೆನ್ನ ಹಿಂದಿನ ಊರೆಲ್ಲಾ ಆಗ ಹಳದಿ ಬೆಳಕಿನಲ್ಲಿ ನಿಂತಿರುತ್ತದೆ. ದಂಡೆಯಲ್ಲಿರುವ ನೂರು ಜನರೂ ನೀರಿನ ಕಡೆ ನೋಡುತ್ತಿರುತ್ತಾರೆ. ನೀವು ತಿರುಗಿ ನಿಲ್ಲಿ. ಕಿಟಕಿಗಳ ಗಾಜು, ಬಿಳಿ ಗೋಡೆಗಳು, ಆ ನೂರು ಜನರ ಮುಖಗಳು, ಎಲ್ಲದರ ಮೇಲೂ ಒಂದೇ ಬೆಳಕು. ಆ ಹತ್ತು ನಿಮಿಷದಲ್ಲಿ ಸೂರ್ಯನ ಫೋಟೋ ತೆಗೆಯಬೇಡಿ ಎಂದರೆ ಕೋಪ ಬರಬಹುದು. ಒಂದು ತೆಗೆಯಿರಿ, ಸಾಕು. ಪೂರ್ವಕ್ಕೆ ಮುಖ ಮಾಡಿದ ದಂಡೆಯಾದರೆ ಇದೇ ಕೆಲಸ ಬೆಳಗ್ಗೆ.

ಸೂರ್ಯ ಮುಳುಗಿದ ಮೇಲೆ ಚೀಲ ಕಟ್ಟಬೇಡಿ. ಸೂರ್ಯ ಬಾನಂಚಿನಿಂದ ಸುಮಾರು 6 ಡಿಗ್ರಿ ಕೆಳಗಿಳಿಯುವ ಹೊತ್ತಿಗೆ ಆಕಾಶದ ನೀಲಿಯೂ ಊರಿನ ದೀಪಗಳೂ ಸಮ ಸಮ ಆಗುತ್ತವೆ. ಸಮಭಾಜಕದ ಹತ್ತಿರದ ಊರುಗಳಲ್ಲಿ ಅದು ಇಪ್ಪತ್ತು-ಇಪ್ಪತ್ತೈದು ನಿಮಿಷದಲ್ಲೇ ಬಂದು ಹೋಗುತ್ತದೆ. ಧ್ರುವಗಳ ಕಡೆ ಹೋದಷ್ಟೂ ಜಾಸ್ತಿ ಹೊತ್ತು ಸಿಗುತ್ತದೆ.

ಹುಣ್ಣಿಮೆಯ ಆಸುಪಾಸು ಹೋಗುವುದಾದರೆ ಇನ್ನೊಂದು ಅನುಕೂಲ. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೇ ಎದುರು ದಿಕ್ಕಿನಲ್ಲಿ ಹುಟ್ಟುತ್ತಾನೆ. ಅದಕ್ಕಿಂತ ಒಂದು ದಿನ ಮುಂಚೆ ಸ್ವಲ್ಪ ಬೇಗ ಹುಟ್ಟುತ್ತಾನೆ. ಆಗ ಊರಿನ ಮೇಲೆ ಇನ್ನೂ ಬೆಳಕು ಇರುವುದರಿಂದ ಚಂದ್ರನೂ ಕಟ್ಟಡವೂ ಬೆಳಕಿನ ಒಂದೇ ಅಳತೆಗೆ, ಅಂದರೆ ಒಂದೇ ಎಕ್ಸ್‌ಪೋಷರ್‌ನಲ್ಲಿ ಸರಿಯಾಗಿ ಬರುತ್ತವೆ. ನಿಮ್ಮ 300 ಮಿ.ಮೀ.ಗೆ ಅದು ಒಳ್ಳೆಯ ಕೆಲಸ.

ಸರಿ, ಜಾಗಗಳಿಗೆ ಬರೋಣ. ಮೊದಲ ದಿನ ಇಡೀ ಹೊತ್ತು ದಂಡೆಯಲ್ಲೇ ಕಳೆಯಬೇಡಿ. ಊರಿನಲ್ಲಿ ಅತಿ ಎತ್ತರದ ಜಾಗ ಯಾವುದು ಕೇಳಿ, ಅಲ್ಲಿಗೆ ಹೋಗಿ. ನೀರಿನ ಅಂಚಿನಲ್ಲಿ ನಿಂತವನಿಗೆ ಬಾನಂಚು ಐದು ಕಿ.ಮೀ.ಗಿಂತ ಹತ್ತಿರ. 100 ಮೀಟರ್ ಎತ್ತರಕ್ಕೆ ಹತ್ತಿದರೆ ಅದು ಸುಮಾರು 36 ಕಿ.ಮೀ. ದೂರ ಸರಿಯುತ್ತದೆ. ಅಲ್ಲಿಂದ ನೋಡಿದಾಗ ಆ ನಗರ ಅಲ್ಲೇ ಯಾಕೆ ಹುಟ್ಟಿತು ಎಂದು ಅರ್ಥ ಆಗುತ್ತದೆ. ನದಿ ಕಡಲು ಸೇರುವ ಅಳಿವೆ ಇರಬಹುದು, ಅಲೆಗೆ ಅಡ್ಡ ನಿಂತ ಗುಡ್ಡ ಇರಬಹುದು, ಹಡಗು ನಿಲ್ಲುವಷ್ಟು ಆಳದ ಕೊಲ್ಲಿ ಇರಬಹುದು. ಹಳೆಯ ಕಡಲ ಊರುಗಳನ್ನು ಜನ ಚಂದಕ್ಕೆ ಕಟ್ಟಿದವರಲ್ಲ. ಗಾಳಿ, ಅಲೆಯಿಂದ ಆಸರೆ ಸಿಕ್ಕ ಕಡೆ ಕಟ್ಟಿದರು. ಆ ಆಸರೆ ಕಾಣುವ ಫೋಟೋ ನಿಮ್ಮ ಸರಣಿಗೆ ಬೇಕು. ರಿಯೊ ಡಿ ಜನೈರೊದಲ್ಲಿ 396 ಮೀಟರ್ ಎತ್ತರದ ಶುಗರ್‌ಲೋಫ್ ಬಂಡೆ ಕೊಲ್ಲಿಯ ಬಾಯಿಯಲ್ಲೇ ನಿಂತಿದೆ. 710 ಮೀಟರ್ ಎತ್ತರದ ಕೊರ್ಕೊವಾಡೊದಿಂದ ನೋಡಿದರೆ ಕಾಡು, ಊರು, ಕೊಲ್ಲಿ ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಅಂತ ಒಂದೇ ಚೌಕಟ್ಟಿನಲ್ಲಿ ಕಾಣುತ್ತದೆ. ಎಲ್ಲ ಊರಿಗೂ ಅಂಥ ಬೆಟ್ಟ ಇರುವುದಿಲ್ಲ. ಲೈಟ್‌ಹೌಸ್, ಸೇತುವೆ, ಹತ್ತನೇ ಮಹಡಿಯ ತಾರಸಿ, ಯಾವುದಾದರೂ ಸರಿ.

ಇಲ್ಲಿ 24 ಮಿ.ಮೀ.ಗಿಂತ 70–300 ಜಾಸ್ತಿ ಕೆಲಸಕ್ಕೆ ಬರುತ್ತದೆ. ಇಡೀ ನೋಟವನ್ನು ಹಿಡಿದರೆ ಎಲ್ಲವೂ ಚಿಕ್ಕದಾಗಿ ಯಾವುದೂ ಕಾಣುವುದಿಲ್ಲ. ಉದ್ದ ಲೆನ್ಸ್ ಹಾಕಿ ಮನೆಯ ಮಾಡುಗಳ ಹಿಂದೆಯೇ ಹಡಗಿನ ಕ್ರೇನ್, ಅದರ ಹಿಂದೆಯೇ ದ್ವೀಪ ಬರುವ ಹಾಗೆ ಕಿರಿದಾಗಿ ಕತ್ತರಿಸಿ. ಬೆಳಗ್ಗೆಯೇ ಹೋಗಿ. ಹಗಲಿನಲ್ಲಿ ನೆಲ ಕಾದು ಗಾಳಿ ಮೇಲೇರಿದಾಗ ಕಡಲ ಕಡೆಯಿಂದ ಗಾಳಿ ನುಗ್ಗುತ್ತದೆ. ಅದರ ಜತೆ ಉಪ್ಪಿನ ಮಬ್ಬು ಬರುತ್ತದೆ. ಮಧ್ಯಾಹ್ನ ದೂರದ್ದೆಲ್ಲಾ ಹಾಲು ಹಾಲು.

ಎರಡನೆಯದಾಗಿ, ನಗರ ಒಂದು ಕಡೆ, ಪ್ರಕೃತಿ ಇನ್ನೊಂದು ಕಡೆ ಅಂತ ಎರಡು ಆಲ್ಬಂ ಮಾಡಬೇಡಿ. ಎಲ್ಲರೂ ಮಾಡುವುದು ಅದನ್ನೇ: ಎರಡು ದಿನ ಕಟ್ಟಡ, ಎರಡು ದಿನ ಹಕ್ಕಿ. ಕಡಲು ಆ ಊರಿನ ಒಳಗೇ ಬಂದಿರುತ್ತದೆ, ಅದರ ಗುರುತು ಹುಡುಕಿ. ಕಡಲ ಕಡೆಯ ಗೋಡೆಯ ಬಣ್ಣ ಎದ್ದಿರುತ್ತದೆ, ಅದೇ ಮನೆಯ ಹಿಂದಿನ ಗೋಡೆ ನೆಟ್ಟಗಿರುತ್ತದೆ. ಕಿಟಕಿಯ ಸರಳು ತುಕ್ಕು ಹಿಡಿದು ಅದರ ಕಂದು ಗೆರೆ ಗೋಡೆಯ ಮೇಲೆ ಇಳಿದಿರುತ್ತದೆ. ಮರಗಳು ಗಾಳಿ ಬೀಸುವ ದಿಕ್ಕಿಗೆ ಬಾಗಿಯೇ ಬೆಳೆದಿರುತ್ತವೆ. ಹಡಗುಕಟ್ಟೆಯ ಮೆಟ್ಟಿಲುಗಳಲ್ಲಿ ಉಬ್ಬರ ಎಲ್ಲಿಯವರೆಗೆ ಬರುತ್ತದೆ ಎಂದು ಪಾಚಿ, ಚಿಪ್ಪುಗಳು ಗೆರೆ ಎಳೆದ ಹಾಗೆ ತೋರಿಸುತ್ತವೆ. ಕಡಲ ಕೊರೆತ ತಡೆಯಲು ಸುರಿದ ಕಲ್ಲುಗಳ ಸಂದಿಯಲ್ಲಿ ಏಡಿಗಳು ಮನೆ ಮಾಡಿರುತ್ತವೆ. ಇಂಥ ಹತ್ತು ಚಿತ್ರ ಸಿಕ್ಕರೆ ಸರಣಿಗೆ ಬೆನ್ನೆಲುಬು ಸಿಕ್ಕಿತು. ಇವಕ್ಕೆ ಸೂರ್ಯಾಸ್ತ ಬೇಡ, ಮೋಡ ಕವಿದ ಮಧ್ಯಾಹ್ನವೇ ಚೆನ್ನ.

ಮೀನುಗಾರರ ಬಂದರಿಗೆ ಹೋಗುವುದಾದರೆ ಬೆಳಗಿನ ಜಾವ ಹೋಗಿ. ಅಲ್ಲಿ ಕೆಲಸ ನಡೆಯುತ್ತಿರುತ್ತದೆ. ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ. ಸುಮ್ನೆ ನೋಡಿ, ಮಾತಾಡಿ, ಕೇಳಿ ಆಮೇಲೆ ತೆಗೆಯಿರಿ. ಬೇಡ ಎಂದವರನ್ನು ಬಿಟ್ಟುಬಿಡಿ. ಬಿಗಿಯಾಗಿ ಕಟ್ಟಿದ ಹಗ್ಗದ ನೇರಕ್ಕೆ ನಿಲ್ಲಬೇಡಿ. ಹಡಗಿನ ಹಗ್ಗ ತುಂಡಾಗಿ ಹಿಂದಕ್ಕೆ ಬಡಿದರೆ ಜೀವ ಹೋಗುತ್ತದೆ. ಸರಕು ಬಂದರು, ನೌಕಾಪಡೆಯ ಜಾಗ ಅನೇಕ ದೇಶಗಳಲ್ಲಿ ಫೋಟೋಗೆ ನಿಷೇಧ. ಡ್ರೋನ್ ಇದ್ದರೆ ಇನ್ನೂ ಎಚ್ಚರ. ಎಷ್ಟೋ ಕಡಲ ನಗರಗಳ ವಿಮಾನ ನಿಲ್ದಾಣ ನೀರಿನ ಪಕ್ಕದಲ್ಲೇ ಇರುತ್ತದೆ. ಅನುಮತಿ ಇಲ್ಲದೆ ಹಾರಿಸಬೇಡಿ.

ಇನ್ನು ನನಗೆ ಅತಿ ಇಷ್ಟದ ಜಾಗ: ಅಳಿವೆ. ಪ್ರವಾಸಿಗರು ಯಾರೂ ಹೋಗುವುದಿಲ್ಲ, ಯಾಕೆಂದರೆ ಅಲ್ಲಿ ಕೆಸರು, ವಾಸನೆ. ನದಿ ಹೊತ್ತು ತಂದ ಮಣ್ಣು ಅಲ್ಲಿ ತಂಗುತ್ತದೆ. ಆ ಕೆಸರಿನೊಳಗೆ ಹುಳ, ಚಿಪ್ಪುಜೀವಿಗಳು ತುಂಬಿರುತ್ತವೆ. ಅವನ್ನು ತಿನ್ನಲು ಹಕ್ಕಿಗಳು ಎಲ್ಲಿಂದೆಲ್ಲಿಂದಲೋ ಬರುತ್ತವೆ. ಬಾರ್-ಟೇಲ್ಡ್ ಗಾಡ್‌ವಿಟ್ ಎಂಬ ಹಕ್ಕಿಯ ಮರಿಯೊಂದು 2022ರ ಅಕ್ಟೋಬರ್‌ನಲ್ಲಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 11 ದಿನದಲ್ಲಿ 13,560 ಕಿ.ಮೀ. ಹಾರಿತು. ಹುಟ್ಟಿ ಕೆಲವೇ ತಿಂಗಳಾಗಿದ್ದ ಹಕ್ಕಿ ಅದು! ಅಷ್ಟು ದೂರ ಬಂದು ಕೆಸರಿನಲ್ಲಿ ಇಳಿದ ಹಕ್ಕಿಗೆ ಹೊಟ್ಟೆ ತುಂಬಿಸಿಕೊಳ್ಳುವುದೊಂದೇ ಕೆಲಸ. ನಾವು ಒಂದು ಫೋಟೋಗಾಗಿ ಅದನ್ನು ಹಾರಿಸಿದರೆ ಅದರ ಶಕ್ತಿ ಸುಮ್ನೆ ಪೋಲು.

ಇಲ್ಲಿಯೂ ಉಬ್ಬರದ ಪಟ್ಟಿಯೇ ಕೆಲಸಕ್ಕೆ ಬರುವುದು. ನೀರು ಪೂರ್ತಿ ಇಳಿದಾಗ ಹಕ್ಕಿಗಳು ಕೆಸರು ಬಯಲಿನ ತುಂಬಾ ಚದುರಿರುತ್ತವೆ. 300 ಮಿ.ಮೀ.ನಲ್ಲಿ ಚುಕ್ಕೆಯ ಹಾಗೆ ಕಾಣುತ್ತವೆ. ಪೂರ್ತಿ ಏರಿದಾಗ ಎಲ್ಲೋ ಒಣ ದಿಬ್ಬದ ಮೇಲೆ ಗುಂಪಾಗಿ ಒಂದೇ ಕಾಲಿನಲ್ಲಿ ನಿದ್ದೆ ಹೊಡೆಯುತ್ತಿರುತ್ತವೆ. ನಿಮಗೆ ಬೇಕಾದದ್ದು ನಡುವಿನ ಹೊತ್ತು. ನೀರು ಏರುತ್ತಾ ಬಂದ ಹಾಗೆ ತಿನ್ನುವ ಜಾಗ ಕಿರಿದಾಗುತ್ತದೆ, ಹಕ್ಕಿಗಳು ತಾವಾಗಿಯೇ ದಂಡೆಯ ಕಡೆ ಸರಿಯುತ್ತವೆ. ಉಬ್ಬರಕ್ಕೆ ಎರಡು-ಮೂರು ಗಂಟೆ ಮುಂಚೆಯೇ ಹೋಗಿ, ಸೂರ್ಯ ಬೆನ್ನ ಹಿಂದೆ ಇರುವ ಕಡೆ ಗಟ್ಟಿ ನೆಲದ ಮೇಲೆ ಕೂತುಬಿಡಿ. ಕೂತರೆ ಸಾಲದು, ಲೆನ್ಸ್ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಹೊಟ್ಟೆಯ ಮೇಲೆ ಮಲಗಬೇಕಾಗುತ್ತದೆ, ಬಟ್ಟೆ ಹಾಳಾಗುತ್ತದೆ. ಹಕ್ಕಿಗಳ ಹತ್ತಿರ ನೀವು ಹೋಗಬೇಡಿ, ಅವೇ ಬರುತ್ತವೆ. ಒಂದು ಹಕ್ಕಿ ತಿನ್ನುವುದು ಬಿಟ್ಟು ತಲೆ ಎತ್ತಿ ನಿಂತರೆ ನೀವು ಆಗಲೇ ಜಾಸ್ತಿ ಹತ್ತಿರ ಇದ್ದೀರಿ ಎಂದರ್ಥ. ಅಲುಗಾಡದೆ ಇರಿ. ಹಿಂದೆ ಊರಿನ ಕಟ್ಟಡಗಳು ಮಸುಕಾಗಿ ಬರುವ ಕೋನ ಸಿಕ್ಕರೆ ನೀವು ಕೇಳಿದ ನಗರ ಮತ್ತು ಪ್ರಕೃತಿ ಒಂದೇ ಚೌಕಟ್ಟಿಗೆ ಬಂದವು, ಅಲ್ವಾ?

ಅಳಿವೆಯ ಅಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇದ್ದರೆ ಇಳಿತದ ಹೊತ್ತಿಗೆ ಹೋಗಿ. ಕೆಸರಿನಲ್ಲಿ ಗಾಳಿ ಇರುವುದಿಲ್ಲ. ಅದಕ್ಕೇ ಕೆಲವು ಜಾತಿಯ ಗಿಡಗಳ ಬೇರುಗಳು ಪೆನ್ಸಿಲ್ ಚುಚ್ಚಿಟ್ಟ ಹಾಗೆ ಮೇಲಕ್ಕೆ ಬಂದು ಉಸಿರಾಡುತ್ತವೆ. ಉಬ್ಬರದಲ್ಲಿ ಅವು ಮುಳುಗಿರುತ್ತವೆ. ಕಾಡಿನ ಒಳಗೆ ಬೆಳಕು ಕಮ್ಮಿ, ಎಲೆಗಳ ಮೇಲೆ ಹೊಳಪು ಜಾಸ್ತಿ. ಲೆನ್ಸಿನ ಮುಂದೆ ಪೋಲರೈಸರ್ ಎಂಬ ಫಿಲ್ಟರ್ ಹಾಕಿ ತಿರುಗಿಸಿದರೆ ಹೊಳಪು ಹೋಗಿ ಹಸಿರು ಬರುತ್ತದೆ. ನೀರಿನ ಹೊಳಪು ತೆಗೆಯುವುದಕ್ಕೂ ಅದೇ. ನೀರನ್ನು ಮೇಲ್ಮೈಯಿಂದ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನೆಟ್ಟಗೆ ಮೇಲಿನಿಂದ ನೋಡಿದರೆ ಏನೂ ಪ್ರಯೋಜನ ಇಲ್ಲ. ಆಕಾಶದ ವಿಷಯದಲ್ಲಿ ಮಾತ್ರ ಹುಷಾರು, 24 ಮಿ.ಮೀ.ನಲ್ಲಿ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ತಿಳಿನೀಲಿ ಆಗಿ ವಿಚಿತ್ರವಾಗಿ ಕಾಣುತ್ತದೆ. ಗಟ್ಟಿ ನೆಲ ಎಲ್ಲಿ, ಹೂತುಹೋಗುವ ಕೆಸರು ಎಲ್ಲಿ ಎಂದು ನಮಗೆ ನೋಡಿದರೆ ಗೊತ್ತಾಗುವುದಿಲ್ಲ. ಅಲ್ಲಿಯವರೊಬ್ಬರನ್ನು ಜತೆಗೆ ಕರೆದುಕೊಂಡು ಹೋಗಿ.

ಮರಳಿನ ದಂಡೆಯಲ್ಲಿ ಕಾಲಿಡುವಾಗಲೂ ನೋಡಿ. ಕೆಲವು ಹಕ್ಕಿಗಳು ಬರೀ ಮರಳಿನ ಮೇಲೆ ಮೊಟ್ಟೆ ಇಡುತ್ತವೆ, ಕಲ್ಲಿನ ಬಣ್ಣವೇ ಇರುತ್ತದೆ. ಆಮೆಗಳು ಮೊಟ್ಟೆಯಿಡುವ ದಂಡೆಯಾದರೆ ರಾತ್ರಿ ಫ್ಲ್ಯಾಶ್, ಟಾರ್ಚ್ ಎರಡೂ ಬೇಡ. ಮರಿಗಳು ಬೆಳಕು ಜಾಸ್ತಿ ಇರುವ ಕಡೆಯೇ ಕಡಲು ಎಂದು ತಿಳಿದು ಹೋಗುತ್ತವೆ. ಊರಿನ ದೀಪಗಳೇ ಅವಕ್ಕೆ ಸಾಕಷ್ಟು ದಾರಿ ತಪ್ಪಿಸುತ್ತಿವೆ.

ಬಂಡೆ ಮತ್ತು ಅಲೆ. ಇದಕ್ಕೆ ಶಟರ್ ವೇಗವೇ ಚಿತ್ರ. 1/1000 ಸೆಕೆಂಡಿನಲ್ಲಿ ಪ್ರತಿ ಹನಿಯೂ ಗಾಜಿನ ಚೂರಿನ ಹಾಗೆ ನಿಲ್ಲುತ್ತದೆ. ಅರ್ಧದಿಂದ ಒಂದು ಸೆಕೆಂಡಿನಲ್ಲಿ, ಅದೂ ಅಲೆ ಹಿಂದಕ್ಕೆ ಹೋಗುವಾಗ ಒತ್ತಿದರೆ, ನೊರೆ ಉದ್ದ ಗೆರೆಗಳಾಗುತ್ತದೆ. 30 ಸೆಕೆಂಡ್ ಬಿಟ್ಟರೆ ಕಡಲೇ ಮಂಜಾಗುತ್ತದೆ. ಆ ಮಂಜಿನ ಚಿತ್ರ ಈಗ ಎಲ್ಲರೂ ತೆಗೆಯುತ್ತಾರೆ. ನೋಡಿ ನೋಡಿ ನನಗೆ ಸಾಕಾಗಿದೆ. ಯಾವ ಕಡಲೂ ಒಂದೇ ಥರ ಕಾಣುತ್ತದೆ. ಒಂದು ಸೆಕೆಂಡಿನ ಗೆರೆಗಳಲ್ಲಿ ಆ ದಂಡೆಯ ಇಳಿಜಾರು, ಅಲ್ಲಿನ ಕಲ್ಲು, ಅವತ್ತಿನ ಅಲೆಯ ಜೋರು ಎಲ್ಲಾ ಕಾಣುತ್ತದೆ. ಶಟರ್ ಇಷ್ಟು ಹೊತ್ತು ತೆರೆದಿಡಲು ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜೇ ಎನ್‌ಡಿ ಫಿಲ್ಟರ್. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಆಗುವುದು. 10 ಸ್ಟಾಪ್ ಎನ್‌ಡಿ ಫಿಲ್ಟರ್ ಬೆಳಕನ್ನು ಸುಮಾರು ಸಾವಿರ ಪಟ್ಟು ಕಮ್ಮಿ ಮಾಡುತ್ತದೆ. 1/125 ಇದ್ದದ್ದು 8 ಸೆಕೆಂಡ್ ಆಗುತ್ತದೆ. ನಿಮಗೆ ಅಷ್ಟು ಬೇಡ, 3 ಸ್ಟಾಪಿನದು, 6 ಸ್ಟಾಪಿನದು ಸಾಕು.

ಬಂಡೆಗೆ ಇಳಿಯುವ ಮೊದಲು ಹದಿನೈದು ನಿಮಿಷ ಮೇಲೆ ನಿಂತು ನೋಡಿ. ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಸಣ್ಣವು ಬರುತ್ತಾ ಬರುತ್ತಾ ನಡುವೆ ದೊಡ್ಡವು ಮೂರ್ನಾಲ್ಕು ಒಟ್ಟಿಗೆ ಬರುತ್ತವೆ. ಎಲ್ಲಿಯವರೆಗೆ ಕಲ್ಲು ಒದ್ದೆ ಇದೆಯೋ ಅಲ್ಲಿಯವರೆಗೆ ಅಲೆ ಬಂದಿದೆ. ಕಪ್ಪಗೆ, ಹಸಿರಾಗಿ ಹೊಳೆಯುವ ಕಲ್ಲಿನ ಮೇಲೆ ಕಾಲಿಡಬೇಡಿ. ಕಡಲಿಗೆ ಬೆನ್ನು ಮಾಡಿ ನಿಲ್ಲಬೇಡಿ. ಮೊದಲು ಊರಿನ ಕಡೆ ತಿರುಗಿ ಅಂದಿದ್ದೆನಲ್ಲ, ಅದು ಮರಳಿನ ದಂಡೆಗೆ. ಇಲ್ಲಿಗೆ ಅಲ್ಲ.

ಮಂಜು, ಮೋಡ ಬಂದರೆ ಹೋಟೆಲಿನಲ್ಲಿ ಕೂರಬೇಡಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೇಸಿಗೆಯಲ್ಲೇ ಮಂಜು ಜಾಸ್ತಿ. ಅಲ್ಲಿ ದಂಡೆಯ ಹತ್ತಿರದ ಕಡಲ ನೀರು ತಣ್ಣಗಿರುತ್ತದೆ, ಅದರ ಮೇಲೆ ಹಾದುಬರುವ ಒದ್ದೆ ಗಾಳಿ ಮಂಜಾಗಿ ಊರೊಳಗೆ ಹರಿಯುತ್ತದೆ. 227 ಮೀಟರ್ ಎತ್ತರದ ಗೋಲ್ಡನ್ ಗೇಟ್ ಸೇತುವೆಯ ಗೋಪುರದ ತುದಿ ಮಾತ್ರ ಮೇಲೆ ಕಾಣುತ್ತದೆ. ಕೇಪ್ ಟೌನಿನಲ್ಲಿ ಆಗ್ನೇಯ ಗಾಳಿ ಒದ್ದೆ ಗಾಳಿಯನ್ನು ಟೇಬಲ್ ಮೌಂಟನ್ ಮೇಲಕ್ಕೆ ತಳ್ಳಿದಾಗ ಬೆಟ್ಟದ ಮೇಲೆ ಬಟ್ಟೆ ಹಾಸಿದ ಹಾಗೆ ಮೋಡ ಕೂರುತ್ತದೆ, ಅಂಚಿನಿಂದ ಕೆಳಗೆ ಇಳಿದು ಕರಗುತ್ತದೆ. ನಿಮ್ಮ ಊರಿಗೂ ಇಂಥದ್ದೊಂದು ಹವಾಮಾನ ಇದ್ದೇ ಇರುತ್ತದೆ. ಅಲ್ಲಿಯವರು ಅದನ್ನು ದಿನಾ ನೋಡಿ ಬೇಸತ್ತಿರುತ್ತಾರೆ, ಹಾಗಾಗಿ ನೀವಾಗಿ ಕೇಳಬೇಕು.

ಕ್ಯಾಮೆರಾ ಸೆಟ್ಟಿಂಗಿನ ವಿಷಯ ಎರಡೇ ಮಾತು. ಬಿಳಿ ಮರಳು, ನೊರೆ ಜಾಸ್ತಿ ಇದ್ದರೆ ಕ್ಯಾಮೆರಾ ಅದನ್ನು ಬೂದು ಮಾಡಲು ನೋಡುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪ್ ಹೆಚ್ಚಿಸಿ. ಬಾನಂಚು ವಾಲದ ಹಾಗೆ ನೋಡಿಕೊಳ್ಳಿ, ಕಡಲು ಒಂದು ಡಿಗ್ರಿ ವಾಲಿದರೂ ಕಣ್ಣಿಗೆ ಚುಚ್ಚುತ್ತದೆ. ಆಕಾಶ ಬೆಳ್ಳಗೆ ಸುಟ್ಟುಹೋದರೆ ಬೇಜಾರು ಬೇಡ. ಕಡಲಿನ ಫೋಟೋ ತೆಗೆದವರಿಗೆ ಇದು ಮೊದಲಿನಿಂದಲೂ ಇರುವ ತಲೆನೋವು. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಕೆಲವು ಕಡಲ ಚಿತ್ರಗಳಿಗೆ ನೀರಿಗೊಂದು, ಆಕಾಶಕ್ಕೊಂದು ಎಂದು ಎರಡು ನೆಗೆಟಿವ್ ತೆಗೆದು ಬಾನಂಚಿನಲ್ಲಿ ಸೇರಿಸಿ ಮುದ್ರಿಸುತ್ತಿದ್ದ. ಈಗ ನಿಮ್ಮ ಫೋನು ಅದನ್ನು ಕೇಳದೆಯೇ ಮಾಡುತ್ತದೆ, ಕೆಲವು ಸಲ ಅತಿಯಾಗಿ ಮಾಡುತ್ತದೆ. ಕ್ಯಾಮೆರಾದಲ್ಲಿ ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಚಿತ್ರ) ಇಟ್ಟುಕೊಳ್ಳಿ.

ಉಪ್ಪಿನ ಬಗ್ಗೆ ಕೇಳಿದ್ದೀರಿ. ಲೆನ್ಸ್ ಮೇಲೆ ಉಪ್ಪು ಕೂತಾಗ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಹರಳು ಗೀರುತ್ತದೆ. ಸಿಹಿನೀರಿನಲ್ಲಿ ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಿಂದ ಒತ್ತಿ ತೆಗೆದು, ಆಮೇಲೆ ಒಣಗಿದ್ದರಲ್ಲಿ ಒರೆಸಿ. ದಂಡೆಯಲ್ಲಿ ಲೆನ್ಸ್ ಬದಲಾಯಿಸಬೇಡಿ. ಬೆಳಗ್ಗೆ ಯಾವುದು ಬೇಕು ಎಂದು ರೂಮಿನಲ್ಲೇ ತೀರ್ಮಾನ ಮಾಡಿ. ಎಸಿ ರೂಮಿನಿಂದ ಸೆಖೆಗೆ ಬಂದ ಕೂಡಲೇ ಗಾಜಿನ ಮೇಲೆ ಹಬೆ ಕಟ್ಟುತ್ತದೆ. ಅರ್ಧ ಗಂಟೆ ಚೀಲದ ಜಿಪ್ ತೆಗೆಯದೆ ಬಿಡಿ, ತಾನಾಗಿ ಸರಿಹೋಗುತ್ತದೆ.

ಮನೆಗೆ ಬಂದ ಮೇಲೆ ಇಪ್ಪತ್ತು ಫೋಟೋ ಆರಿಸಿ, ಹೆಚ್ಚು ಬೇಡ. ದಿನದ ಕ್ರಮದಲ್ಲಿ ಜೋಡಿಸದೆ ನೀರಿನ ಕ್ರಮದಲ್ಲಿ ಜೋಡಿಸಿ ನೋಡಿ: ಇಳಿದ ನೀರಿನಿಂದ ಶುರು ಮಾಡಿ ತುಂಬಿದ ನೀರಿನವರೆಗೆ. ಒಂದೇ ಮೆಟ್ಟಿಲು, ಒಂದೇ ದೋಣಿಯನ್ನು ಎರಡೂ ಹೊತ್ತಿಗೆ ತೆಗೆದಿದ್ದರೆ ಆ ಎರಡನ್ನು ಪಕ್ಕಪಕ್ಕ ಇಡಿ. ಅದಕ್ಕಾಗಿ ಮೊದಲ ದಿನವೇ ಒಂದು ಜಾಗ ಗುರುತು ಮಾಡಿಕೊಂಡು, ನಿಂತ ಕಲ್ಲು ಯಾವುದು, ಲೆನ್ಸ್ ಎಷ್ಟು ಮಿ.ಮೀ. ಎಂದು ಬರೆದಿಟ್ಟುಕೊಳ್ಳಿ. ಸೂರ್ಯಾಸ್ತ ಒಂದೇ ಒಂದು ಇರಲಿ.

ಇನ್ನು ಟ್ರೈಪಾಡ್. ಹೊರಿ. ಸಂಜೆಯ ದೀಪಗಳಿಗೆ, ಒಂದು ಸೆಕೆಂಡಿನ ಅಲೆಗೆ, ಲೈಟ್‌ಹೌಸಿಗೆ ಬೇಕೇ ಬೇಕು. ಲೈಟ್‌ಹೌಸಿನ ದೀಪ ಎಷ್ಟು ಸೆಕೆಂಡಿಗೊಮ್ಮೆ ಮಿಂಚುತ್ತದೆ ಎಂದು ಎಣಿಸಿಕೊಂಡು, ಒಂದು ಸುತ್ತಾದರೂ ಮುಗಿಯುವಷ್ಟು ಶಟರ್ ತೆರೆದಿಡಿ. ಮರಳಿನಲ್ಲಿ ಕಾಲುಗಳನ್ನು ಗಟ್ಟಿಯಾಗಿ ಒಳಕ್ಕೆ ಒತ್ತಿ, ಅಲೆ ಬಂದು ಹೋದಾಗಲೆಲ್ಲ ಸ್ವಲ್ಪ ಕುಸಿಯುತ್ತದೆ. ರಾತ್ರಿ ರೂಮಿಗೆ ಬಂದ ಮೇಲೆ ಎಷ್ಟೇ ಸುಸ್ತಾಗಿದ್ದರೂ ಕಾಲುಗಳನ್ನು ಪೂರ್ತಿ ಎಳೆದು ಸಿಹಿನೀರಿನಲ್ಲಿ ತೊಳೆಯಿರಿ. ನಾನು ಎರಡು ದಿನ ತೊಳೆಯದೆ ಬಿಟ್ಟ ಟ್ರೈಪಾಡಿನ ಒಂದು ಕಾಲು ಇವತ್ತಿಗೂ ಅರ್ಧಕ್ಕಿಂತ ಮೇಲೆ ಎದ್ದಿಲ್ಲ.